ಜಗಲಿಯ ಮೇಲಿನ ಇಂಗ್ಲಿಷು

ಶಾಲೆಯ ಯೋಜನೆ ರಾಜಧಾನಿಯಲ್ಲಿ ತಯಾರಾಗಬಹುದು, ಆದರೆ ಅದು ಕೆಟ್ಟಾಗ ಪಾಠವನ್ನು ತಿದ್ದಿಕೊಳ್ಳುವ ಅಧಿಕಾರ ಮಕ್ಕಳ ಎದುರು ಕೂತವರಿಗೆ ಇಲ್ಲದಿದ್ದರೆ ಮೊದಲು ಮುಗ್ಗರಿಸುವುದು ಇಂಗ್ಲಿಷೇ. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಶಾಲಾ ಚರಿತ್ರೆ ಇದನ್ನೇ ಹೇಳುತ್ತದೆ. 1868ರಲ್ಲಿ ಶಿಕ್ಷಣಾಧಿಕಾರಿ ಬಿ.ಎಲ್. ರೈಸ್ ಮೈಸೂರು ಸಂಸ್ಥಾನಕ್ಕೆ ಹೋಬಳಿ ಶಾಲೆಗಳ ಯೋಜನೆ ತಂದಾಗ ಈಗಿನ ಚಿಕ್ಕಮಗಳೂರು ಜಿಲ್ಲೆಯ ಹೆಸರೇ ಕಡೂರು. 1947ರವರೆಗೂ ಹಾಗೇ ಇತ್ತು. ಹೋಬಳಿಗೆ ಸಿಕ್ಕಿದ್ದು ಕನ್ನಡದ ಓದು ಬರಹ, ಲೆಕ್ಕ. ಆ ಯೋಜನೆಯ ಜಾಣತನವೆಂದರೆ ಊರಿನ ಹಳೆಯ ಪಾಠಶಾಲೆಯಾದ ಕೂಲಿಮಠದ ಅಯ್ಯಗಳನ್ನು ಅದು ಮೂಲೆಗೆ ತಳ್ಳಲಿಲ್ಲ, ತರಬೇತಿ ಕೊಟ್ಟು ಬಳಸಿಕೊಂಡಿತು. ಇಂಗ್ಲಿಷ್ ಮಾತ್ರ ಪೇಟೆಯಲ್ಲೇ ಉಳಿಯಿತು. 1889ರ ಹೊತ್ತಿಗೆ ಕಡೂರು, ಬೀರೂರು, ಅಜ್ಜಂಪುರ ಹಾದು ಹರಿಹರಕ್ಕೆ ರೈಲು ಬಂತು, 1899ರಲ್ಲಿ ಬೀರೂರಿನಿಂದ ತರೀಕೆರೆ ಮೇಲೆ ಶಿವಮೊಗ್ಗಕ್ಕೆ. ಇಂಗ್ಲಿಷ್ ಅಕ್ಷರ ಸ್ಟೇಷನ್ನಿನವರೆಗೆ ಬಂದರೂ ಸರ್ಕಾರಿ ಕನ್ನಡ ಶಾಲೆಯ ಒಂದನೇ ತರಗತಿಗೆ ಅದು ಕಾಲಿಟ್ಟದ್ದು 2007ರಲ್ಲಿ. ಇಷ್ಟು ತಡವಾಗಿ ಬಂದ ವಿಷಯದ ಬೇರು ಆಳವಾಗಿರುತ್ತದೆಂದು ನಿರೀಕ್ಷಿಸುವುದೇ ತಪ್ಪು.

ಅದರ ಪರೀಕ್ಷೆ ನಡೆದದ್ದು 2020ರಲ್ಲಿ. ಕೊರೊನಾ ಬಂದು ಶಾಲೆ ಮುಚ್ಚಿದಾಗ ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ 25ಕ್ಕೆ ಹೋಯಿತು. ಕಡೂರಿನ ಮಾಜಿ ಶಾಸಕ, ರಾಜಕೀಯಕ್ಕೆ ಮೊದಲು ಮೇಷ್ಟರಾಗಿದ್ದ ವೈ.ಎಸ್.ವಿ. ದತ್ತ ಫೇಸ್‌ಬುಕ್ಕಿನಲ್ಲಿ ಬಿಟ್ಟಿಯಾಗಿ ಗಣಿತದ ಪಾಠ ಶುರು ಮಾಡಿದರು. ಗಣಿತಕ್ಕೆ ಅದು ಸಾಗುತ್ತದೆ: ಹಂತಗಳು ಬೋರ್ಡಿನ ಮೇಲೆ ಕಾಣುತ್ತವೆ, ತಿಳಿಯದಿದ್ದರೆ ವಿಡಿಯೊ ಮತ್ತೆ ನೋಡಬಹುದು. ಇಂಗ್ಲಿಷ್ ಕಲಿಯುವ ಏಳೆಂಟು ವರ್ಷದ ಮಗುವಿಗೆ ಬೇಕಾದದ್ದು ತಿರುಗಿ ಮಾತಾಡುವ ಬಾಯಿ. ಆ ವರ್ಷದ ಆಗಸ್ಟಿನಲ್ಲಿ ಬಂದ ಸರ್ಕಾರದ ವಿದ್ಯಾಗಮ ಯೋಜನೆ ತರಗತಿಯನ್ನು ಗುಡಿಯ ಜಗಲಿಗೆ, ಮರದ ನೆರಳಿಗೆ, ಸಮುದಾಯ ಭವನಕ್ಕೆ ತಂದದ್ದರ ಬೆಲೆ ಇಲ್ಲಿದೆ. ಮೂರನೇ ತರಗತಿಯವನೂ ಆರನೆಯವಳೂ ಒಂದೇ ಜಗಲಿಯಲ್ಲಿ ಕೂತರೆ ಪುಸ್ತಕದ ಕ್ರಮ ನಡೆಯುವುದಿಲ್ಲ. ಮೇಷ್ಟರಾಗಲಿ, ಊರಿನ ಪದವೀಧರ ಹುಡುಗಿಯಾಗಲಿ ಆಗ ಮಾಡಬೇಕಾದ್ದು ಇಷ್ಟು: ನಾಲ್ಕು ತೆಂಗಿನಕಾಯಿ, ಒಂದು ಹಿಡಿ ಅಡಿಕೆ, ಎರಡು ಈರುಳ್ಳಿ ಮುಂದಿಟ್ಟು, ‘ಹೌ ಮೆನಿ?’ ಎಂದು ದೊಡ್ಡವಳಿಂದ ಕೇಳಿಸಿ, ಚಿಕ್ಕವನಿಂದ ‘ಫೋರ್ ಕೋಕನಟ್ಸ್’ ಅನ್ನಿಸುವುದು. ಆಮೇಲೆ ಒಂದು ಕಾಯಿ ಎತ್ತಿಟ್ಟು ಮತ್ತೆ ಕೇಳುವುದು. ಪುಸ್ತಕದ ಪಾಠ ಹೋಯಿತು, ಅದರ ವ್ಯಾಕರಣ ಉಳಿಯಿತು.

ಇಂಥ ಬಿಟ್ಟಿ ದುಡಿಮೆಯನ್ನು ಹೊಗಳಿದರೆ ಸರ್ಕಾರ ಜವಾಬ್ದಾರಿ ಜಾರಿಸಿಕೊಳ್ಳುತ್ತದೆ ಎಂಬ ಆಕ್ಷೇಪ ಬಲವಾದದ್ದೇ. ಆದರೆ ರೈಸ್ ಯೋಜನೆ ಅದಕ್ಕೆ ಆಗಲೇ ದಾರಿ ತೋರಿತ್ತು: ಊರಿನವರನ್ನು ಬಳಸು, ತರಬೇತಿಯನ್ನೂ ಕೊಡು. ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಹಿಡಿದರೆ ಅದು ಸೇವೆಯ ಹೆಸರಿನ ಶೋಷಣೆ. ಸ್ವಯಂಸೇವಕರ ಉಚ್ಚಾರಣೆ ಸರಿಯಿರುವುದಿಲ್ಲ ಎನ್ನುವವರೂ ಇದ್ದಾರೆ. ಇರಲಿಕ್ಕಿಲ್ಲ. ತಪ್ಪು ಉಚ್ಚಾರಣೆಯನ್ನು ಮುಂದೆ ತಿದ್ದಬಹುದು. ಬಾಯಿಯೇ ಬಿಡದ ಮಗುವಿನಲ್ಲಿ ತಿದ್ದುವುದಕ್ಕೆ ಏನಿದೆ? ಇನ್ನು ಸೋಂಕಿನ ಭಯ. ಅದು ಸುಳ್ಳಲ್ಲ, ಅಕ್ಟೋಬರಿನಲ್ಲಿ ವಿದ್ಯಾಗಮ ನಿಂತದ್ದೂ ಅದರಿಂದಲೇ. ತಕರಾರಿರುವುದು ಮುಂದಿನದ್ದಕ್ಕೆ. 2021ರ ಜನವರಿ 1ರಂದು ವಿದ್ಯಾಗಮ ಮತ್ತೆ ಶುರುವಾದದ್ದು ಆರರಿಂದ ಒಂಬತ್ತನೇ ತರಗತಿಯವರಿಗೆ ಮಾತ್ರ. ಎದುರಿಗೊಂದು ಬಾಯಿ ಎಲ್ಲರಿಗಿಂತ ಹೆಚ್ಚು ಬೇಕಿದ್ದ ಚಿಕ್ಕ ಮಕ್ಕಳಿಗೆ ಶಾಲೆ ತೆರೆದದ್ದು ಆ ವರ್ಷದ ಅಕ್ಟೋಬರ್ 25ಕ್ಕೆ. 2020ರಲ್ಲಿ ಒಂದನೇ ತರಗತಿಗೆ ಹೆಸರು ಹಚ್ಚಿದ ಮಗು ಅಷ್ಟು ಹೊತ್ತಿಗೆ ಎರಡನೇ ತರಗತಿಯಲ್ಲಿತ್ತು.