ಮರಳುಗಾಡಿನ ಗಣಿಪಟ್ಟಣ ಕೂಬರ್ ಪೀಡಿ

ದಕ್ಷಿಣ ಆಸ್ಟ್ರೇಲಿಯದ ಅಡಿಲೇಡ್ ನಗರದಿಂದ ಸುಮಾರು 850 ಕಿಲೋಮೀಟರು ಉತ್ತರಕ್ಕೆ, ಮರಗಳೇ ವಿರಳವಾದ ಕಲ್ಲುಬಯಲಿನಲ್ಲಿ ಕೂಬರ್ ಪೀಡಿ ಎಂಬ ಗಣಿಪಟ್ಟಣವಿದೆ. 1915ರ ಫೆಬ್ರವರಿಯಲ್ಲಿ ಚಿನ್ನವನ್ನರಸಿ ಬಂದ ತಂಡವೊಂದಕ್ಕೆ ಇಲ್ಲಿ ಚಿನ್ನ ದೊರೆಯಲಿಲ್ಲ. ನೀರು ಹುಡುಕಹೊರಟ 14 ವರ್ಷದ ಬಾಲಕ ವಿಲ್ಲಿ ಹಚಿಸನ್ನನ ಕಣ್ಣಿಗೆ ಬಿದ್ದುದು ಓಪಲ್ ರತ್ನದ ಚೂರುಗಳು. ಸೋಜಿಗವೆಂದರೆ, ಆ ರತ್ನವೂ ನೀರಿನ ಕೃತಿಯೇ: ಸಿಲಿಕಾಂಶವನ್ನು ಹೊತ್ತ ನೀರು ಪ್ರಾಚೀನ ಸಮುದ್ರತಳದ ಶಿಲೆಯ ಬಿರುಕುಗಳಿಗಿಳಿದು ಘನೀಭವಿಸಿದುದು.

ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ಆ ನೆಲದಲ್ಲಿ ಮನೆ ಕಟ್ಟಲು ಮರವೆಲ್ಲಿ? ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ಬಾಳಿ ಮರಳಿದ ಸೈನಿಕರು ಗುಡ್ಡಗಳನ್ನೇ ಕೊರೆದು ವಾಸಿಸತೊಡಗಿದರು. ಒಳಗೆ ವರ್ಷವಿಡೀ ಹಿತವಾದ ತಂಪು. ಮೂಲನಿವಾಸಿಗಳ ಮಾತಿನಲ್ಲಿ ಅದು 'ಬಿಳಿಯನ ಬಿಲ'. ಆ ಮಾತೇ 1920ರಲ್ಲಿ ಊರ ಹೆಸರಾಯಿತೆಂದು ಪ್ರತೀತಿ. ತಮ್ಮ ನೆಲವನ್ನು ತೋಡಬಂದವರನ್ನು ಕುರಿತ ಆ ಮಾತಿನಲ್ಲಿ ತುಸು ನಗೆಯೂ ಇದ್ದೀತು.

ಎರಡನೆಯ ಮಹಾಯುದ್ಧದ ತರುವಾಯ ಯುರೋಪಿನ ನಾನಾ ದೇಶಗಳಿಂದ ವಲಸೆಗಾರರು ಬಂದರು. 1967ರಲ್ಲಿ ಸಂತ ಪೇತ್ರ-ಪೌಲರ ಕಥೋಲಿಕ ದೇವಾಲಯವೂ ನೆಲದಡಿಯಲ್ಲೇ ರೂಪುಗೊಂಡಿತು. ಬಂಡೆಯೆಂದು ಹೆಸರು ಪಡೆದ ಪೇತ್ರರಿಗೆ ಬಂಡೆಯೊಳಗೇ ಗುಡಿ! ಹೊರಗೆ ಮಾತ್ರ, ಅಗೆದು ಬಿಟ್ಟ ಅಸಂಖ್ಯ ಗಣಿಗುಂಡಿಗಳು ಇಂದಿಗೂ ಬಾಯ್ದೆರೆದುಕೊಂಡಿವೆ. ಹಿಂದು ಹಿಂದಕ್ಕೆ ನಡೆಯಬೇಡಿರೆಂದು ಪ್ರವಾಸಿಗರನ್ನು ಎಚ್ಚರಿಸುವ ಫಲಕಗಳನ್ನು ಅಲ್ಲಿ ನೆಟ್ಟಿದ್ದಾರೆ.