ಸ್ಟ್ರಾ ವೈನ್

ಸ್ಟ್ರಾ ವೈನ್ ಎಂಬುದು ಕೊಯ್ದ ದ್ರಾಕ್ಷಿಯನ್ನು ಒಣಗಿಸಿ, ನೀರಿನಂಶ ತಗ್ಗಿದ ಬಳಿಕ ರಸ ಹಿಂಡಿ, ಹುದುಗಿಸಿ ತಯಾರಿಸುವ ಸಿಹಿ ವೈನ್. ಹಿಂದೆ ಹಣ್ಣನ್ನು ಒಣಹುಲ್ಲಿನ ಹಾಸಿನ ಮೇಲೆ ಹರಡುತ್ತಿದ್ದುದರಿಂದ ಈ ಹೆಸರು ಬಂದಿದೆ. ಇಟಲಿಯಲ್ಲಿ ಈ ಬಗೆಯ ವೈನನ್ನು ಪಾಸಿಟೊ ಎಂದು ಕರೆಯುತ್ತಾರೆ. ಇದರ ಸಿಹಿಗೆ ಹಣ್ಣಿನ ಸ್ವಂತ ಸಕ್ಕರೆಯೇ ಕಾರಣ.

ತಯಾರಿಕೆ

ಕೊಳೆಯದ, ಸಿಪ್ಪೆ ಒಡೆಯದ ಗೊಂಚಲುಗಳನ್ನು ಮಾತ್ರ ಆರಿಸಿ ಚಾಪೆ ಅಥವಾ ಜಾಲರಿಯ ಮೇಲೆ ಹರಡಲಾಗುತ್ತದೆ, ಇಲ್ಲವೇ ತೊಲೆಗಳಿಗೆ ತೂಗುಹಾಕಲಾಗುತ್ತದೆ. ಗಾಳಿಯಾಡದಿದ್ದರೆ ಬೂಷ್ಟು ಹಿಡಿದು ಹಣ್ಣು ಹಾಳಾಗುತ್ತದೆ. ಬಿಸಿಲಿನಲ್ಲಿ ಒಣಗಲು ಕೆಲವು ದಿನಗಳು ಸಾಕು. ತಂಪು ಪ್ರದೇಶದ ಅಟ್ಟಗಳಲ್ಲಿ ತಿಂಗಳುಗಳೇ ಬೇಕು. ನೀರು ಆರಿದಂತೆ ಸಕ್ಕರೆ, ಹುಳಿ ಹಾಗೂ ಪರಿಮಳ ಸಾಂದ್ರಗೊಳ್ಳುತ್ತವೆ. ರಸದ ಸಕ್ಕರೆ ಲೀಟರಿಗೆ 300 ಗ್ರಾಂ ಮೀರುವುದುಂಟು. ಇಷ್ಟು ಸಾಂದ್ರವಾದ ರಸದಲ್ಲಿ ಯೀಸ್ಟ್ ನಿಧಾನವಾಗಿ ಕೆಲಸಮಾಡಿ, ಸಕ್ಕರೆಯೆಲ್ಲ ಮದ್ಯಸಾರವಾಗುವ ಮೊದಲೇ ನಿಂತುಬಿಡುತ್ತದೆ. ಉಳಿದ ಸಕ್ಕರೆಯೇ ವೈನಿನ ಸಿಹಿ. 100 ಕಿಲೋ ಹಣ್ಣಿನಿಂದ ಕೆಲವೊಮ್ಮೆ 20 ಲೀಟರಿಗಿಂತ ಕಡಿಮೆ ರಸ ದೊರೆಯುವುದರಿಂದ ಇದು ದುಬಾರಿ.

ಇತಿಹಾಸ ಮತ್ತು ಬಗೆಗಳು

ಪ್ರಾಚೀನ ಗ್ರೀಕ್ ಕವಿ ಹೆಸಿಯಡ್ ದ್ರಾಕ್ಷಿಯನ್ನು ಹತ್ತು ದಿನ ಬಿಸಿಲಿಗೂ ಐದು ದಿನ ನೆರಳಿಗೂ ಇಡುವ ಕ್ರಮವನ್ನು ವಿವರಿಸಿದ್ದಾನೆ. ಸೈಪ್ರಸ್‌ನ ಕಮಾಂಡರಿಯಾ, ಟಸ್ಕನಿಯ ವಿನ್ ಸಾಂಟೊ, ವೆನೆಟೊ ಪ್ರದೇಶದ ರೆಚೋಟೊ ಹಾಗೂ ಫ್ರಾನ್ಸಿನ ಜೂರಾ ಪ್ರದೇಶದ ವ್ಯಾನ್ ದ ಪಾಯ್ ಹೆಸರಾಂತ ಬಗೆಗಳು. ರೆಚೋಟೊದಂತೆಯೇ ಒಣಗಿಸಿದ ಹಣ್ಣಿನಿಂದ ಮಾಡಿದರೂ ಅಮರೋನೆಯಲ್ಲಿ ಸಕ್ಕರೆ ಬಹುಪಾಲು ಹುದುಗಿಹೋಗುವುದರಿಂದ ಅದು ಸಿಹಿಯಾಗಿರುವುದಿಲ್ಲ.

ರುಚಿ ಮತ್ತು ಆಹಾರ

ಬಿಳಿ ದ್ರಾಕ್ಷಿಯ ಸ್ಟ್ರಾ ವೈನ್ ಹೊಂಬಣ್ಣದಿಂದ ಕಂದುಬಣ್ಣದವರೆಗೆ ಇರುತ್ತದೆ. ಜೇನು, ಒಣ ಏಪ್ರಿಕಾಟ್, ಅಂಜೂರ, ಕಿತ್ತಳೆ ಸಿಪ್ಪೆ, ಅಕ್ರೋಟು ಇದರ ಮುಖ್ಯ ಪರಿಮಳಗಳು. ಹುಳಿ ಸಾಕಷ್ಟಿದ್ದರೆ ಮಾತ್ರ ಸಿಹಿ ಮೊಗ ಮುರಿಯುವುದಿಲ್ಲ. ಸಾಮಾನ್ಯವಾಗಿ ತಣ್ಣಗೆ, ಚಿಕ್ಕ ಲೋಟಗಳಲ್ಲಿ ನೀಡಲಾಗುತ್ತದೆ. ನೀಲಿ ಚೀಸ್‌ನ ಉಪ್ಪು ಇದರ ಸಿಹಿಯನ್ನು ಸರಿದೂಗಿಸುತ್ತದೆ. ಟಸ್ಕನಿಯಲ್ಲಿ ವಿನ್ ಸಾಂಟೊ ಜೊತೆ ಬಾದಾಮಿ ಬಿಸ್ಕತ್ತು ವಾಡಿಕೆ. ತಿನಿಸು ವೈನಿಗಿಂತ ಹೆಚ್ಚು ಸಿಹಿಯಾಗಿದ್ದರೆ ವೈನ್ ಹುಳಿಯೆನಿಸುತ್ತದೆ. ಈ ನಿಯಮದಂತೆ ಮೈಸೂರು ಪಾಕ್‌ಗಿಂತ ಉಪ್ಪು ಹುರಿದ ಗೋಡಂಬಿ, ನಿಪ್ಪಟ್ಟು, ಕೋಡುಬಳೆಗಳು ಹೆಚ್ಚು ಹೊಂದುತ್ತವೆ.

ಕರ್ನಾಟಕದಲ್ಲಿ

ದ್ರಾಕ್ಷಿ ಒಣಗಿಸುವ ಕಸುಬು ವಿಜಯಪುರ ಜಿಲ್ಲೆಯಲ್ಲಿ ವ್ಯಾಪಕವಾಗಿದೆ. ಅಲ್ಲಿ ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಹಾಗೂ ಈಥೈಲ್ ಓಲಿಯೇಟ್ ಬೆರೆಸಿದ ನೀರಿನಲ್ಲಿ ಅದ್ದಿ, ಗಾಳಿಯಾಡುವ ಶೆಡ್ಡುಗಳ ಬಲೆಗಳ ಮೇಲೆ ನೆರಳಿನಲ್ಲಿ ಹರಡುತ್ತಾರೆ. ಆದರೆ ಅದರ ಗುರಿ ತಿನ್ನುವ ಒಣದ್ರಾಕ್ಷಿ. ಸ್ಟ್ರಾ ವೈನಿಗೆ ಹಿಂಡಲು ರಸ ಉಳಿದಿರುವಾಗಲೇ ಒಣಗಿಸುವುದನ್ನು ನಿಲ್ಲಿಸಬೇಕು.

ರಾಜ್ಯದಲ್ಲಿ ಪರಿಚಿತವಾದ ಸಿಹಿ ವೈನ್ 'ಪೋರ್ಟ್' ಹೆಸರಿನದು. ಇದಕ್ಕೆ ಬಳಸುವ ಮುಖ್ಯ ತಳಿಗಳಲ್ಲಿ 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬೆಂಗಳೂರು ನೀಲಿ ದ್ರಾಕ್ಷಿಯೂ ಒಂದು. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ ಹಾಗೂ ಕೋಲಾರ ಜಿಲ್ಲೆಗಳಲ್ಲಿ ಇದನ್ನು ಬೆಳೆಯುತ್ತಾರೆ. ಇಂತಹ ವೈನಿಗೆ ಸಕ್ಕರೆ ಸೇರಿಸುವುದುಂಟು. ಪೋರ್ಚುಗಲ್‌ನ ಮೂಲ ಪೋರ್ಟ್‌ನಲ್ಲಿ ಮದ್ಯಸಾರ ಬೆರೆಸಿ ಹುದುಗುವಿಕೆಯನ್ನು ನಡುವೆಯೇ ತಡೆಯುತ್ತಾರೆ. ಆದ್ದರಿಂದ ಇವೆರಡೂ ಸ್ಟ್ರಾ ವೈನ್ ಅಲ್ಲ.

ಒಣಗಿದ ದ್ರಾಕ್ಷಿಯನ್ನು ಹುದುಗಿಸುವ ಪದ್ಧತಿ ಆಯುರ್ವೇದದಲ್ಲಿಯೂ ಇದೆ. ದ್ರಾಕ್ಷಾರಿಷ್ಟಕ್ಕೆ ಒಣದ್ರಾಕ್ಷಿಯ ಕಷಾಯಕ್ಕೆ ಬೆಲ್ಲ, ಧಾತಕಿ ಹೂವು ಹಾಗೂ ಮಸಾಲೆ ದ್ರವ್ಯಗಳನ್ನು ಸೇರಿಸಲಾಗುತ್ತದೆ. ಹಣ್ಣಿನ ರಸದ ಬದಲು ಕಷಾಯವನ್ನು ಬಳಸುವುದರಿಂದಲೂ ಬೆಲ್ಲ ಬೆರೆಸುವುದರಿಂದಲೂ ಅದು ಸ್ಟ್ರಾ ವೈನಿಗಿಂತ ಭಿನ್ನವಾಗಿದ್ದು, ಔಷಧವಾಗಿ ಬಳಕೆಯಲ್ಲಿದೆ.