ತಂತಿ ಕಳ್ಳರ ಫೈಲು

ಲಂಡನ್ನಿನ ಜಾಕ್ ದಿ ರಿಪ್ಪರ್ ಹೆಸರು ನೀವು ಕೇಳಿರ್ತೀರಿ. 1888ರಲ್ಲಿ ಐವರು ಹೆಂಗಸರನ್ನ ಕೊಂದ, ಕೊನೆಗೂ ಸಿಕ್ಕಲಿಲ್ಲ. ಅವನ ಮೇಲೆ ಎಷ್ಟು ಸಿನಿಮಾ, ಎಷ್ಟು ಪುಸ್ತಕ! ಅದಕ್ಕಿಂತ ಸುಮಾರು 90 ವರ್ಷ ಮೊದಲೇ ನಮ್ಮಲ್ಲೊಂದು ಸರಣಿ ಕೊಲೆ ಕೇಸಿತ್ತು. ಅದನ್ನ ನಾವು ಮರೆತೇಬಿಟ್ಟಿದ್ದೀವಿ.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು, ಟಿಪ್ಪು ಸತ್ತ. ಅವನು ಬಿದ್ದ ಜಾಗಕ್ಕೆ ಹೋಗಿ ನಾವು ಸೆಲ್ಫಿ ತಗೊಂಡು ಬರ್ತೀವಿ. ಆದರೆ ಕೋಟೆ ಬಿದ್ದ ಬೆನ್ನಲ್ಲೇ ಬೆಂಗಳೂರಿನ ಸುತ್ತಮುತ್ತ ಸುಮಾರು ನೂರು ಜನ ಫಾಸಿಗಾರರನ್ನ ಇಂಗ್ಲಿಷರು ಹಿಡಿದ ವಿಷಯ ಎಷ್ಟು ಜನಕ್ಕೆ ಗೊತ್ತು? ಉತ್ತರದಲ್ಲಿ ಠಕ್ಕರು ಅಂತಿದ್ದರಲ್ಲ, ಅದೇ ಕಸುಬು. ಕನ್ನಡದಲ್ಲಿ ಅವರಿಗೆ ತಂತಿ ಕಳ್ಳರು ಅಂತ ಹೆಸರು. ಕುತ್ತಿಗೆಗೆ ಹಾಕುತ್ತಿದ್ದ ಕುಣಿಕೆಯಿಂದಲೇ ಬಂದದ್ದು.

ದಾರಿಹೋಕರ ಜೊತೆ ಸ್ನೇಹ ಬೆಳೆಸೋದು, ಒಟ್ಟಿಗೇ ನಡೆಯೋದು, ನಿರ್ಜನ ಜಾಗ ಬಂದಾಗ ಕುತ್ತಿಗೆ ಬಿಗಿಯೋದು, ಅಲ್ಲೇ ಹೂಳೋದು. ರಕ್ತವಿಲ್ಲ, ಹೆಣವಿಲ್ಲ. ಕೊಲೆ ಮಾಡುತ್ತಿದ್ದದ್ದೂ ಸ್ವಂತ ಊರಿನಿಂದ ದೂರ. ಇವತ್ತಾದರೆ ಮೊಬೈಲ್ ಟವರ್ ಲೊಕೇಶನ್ ತೆಗೆಸಬಹುದು. ಆಗ ರಜೆ ಮೇಲೆ ಸಂಬಳದ ಹಣ ಹಿಡಿದು ಹೊರಟ ಸಿಪಾಯಿ ಮನೆ ತಲುಪದಿದ್ದರೆ, ಇವನೇ ಓಡಿಹೋದ ಅಂತ ದಂಡಿನವರು ಅಂದುಕೊಳ್ಳಬಹುದಿತ್ತು. ಮನೆಯವರು ಎಲ್ಲಿ ಅಂತ ಹುಡುಕಬೇಕು?

ನೂರು ಜನ ಕೈಗೆ ಸಿಕ್ಕರೂ ಇದೊಂದು ದೊಡ್ಡ ಜಾಲ ಅನ್ನೋ ಅನುಮಾನ ಆಗ ಯಾರಿಗೂ ಬರಲಿಲ್ಲ. 1807ರಲ್ಲಿ ಚಿತ್ತೂರು, ಆರ್ಕಾಟಿನ ನಡುವೆ ಇನ್ನೊಂದು ತಂಡದವರು ಸಿಕ್ಕರು. ತಿರುವಾಂಕೂರಿನ ಕಡೆಯಿಂದ ಲೂಟಿ ಹೊತ್ತು ಬರುತ್ತಿದ್ದವರು. ಮದ್ರಾಸಿನ ವೈದ್ಯ ರಿಚರ್ಡ್ ಶೆರ್ವುಡ್ ಇದನ್ನೆಲ್ಲ ಕೂಡಿಸಿ ಲೇಖನ ಬರೆದದ್ದು 1816ರಲ್ಲಿ. ಬೆಂಗಳೂರಿನಲ್ಲಿ ಹಿಡಿದ ಹದಿನೇಳು ವರ್ಷದ ನಂತರ!

1830ರ ದಶಕದಲ್ಲಿ ವಿಲಿಯಂ ಸ್ಲೀಮನ್ ಬೇಟೆ ಶುರುಮಾಡಿದಾಗ ಕಥೆಯೇ ತಿರುಗಿತು. ಸಿಕ್ಕವನನ್ನ ಮಾಫಿ ಸಾಕ್ಷಿ ಮಾಡೋದು, ಅವನ ಬಾಯಿಂದ ಉಳಿದವರ ಹೆಸರು ಬಿಡಿಸೋದು. ಜೀವ ಉಳಿಸಿಕೊಳ್ಳಲು ಎಷ್ಟು ಹೆಸರು ಬೇಕಾದರೂ ಹೇಳ್ತಾರಲ್ವಾ? ಇತಿಹಾಸಕಾರರು ಈಗಲೂ ಜಗಳವಾಡುವುದು ಇಲ್ಲೇ. ಕೊಲೆಗಳು ಸುಳ್ಳಲ್ಲ, ಹೂತ ಹೆಣಗಳನ್ನ ಅಗೆದು ತೆಗೆದಿದ್ದಾರೆ. ಆದರೆ ಹಿಡಿದವರೆಲ್ಲ ಕೊಲೆಗಾರರೇ ಅಂತ ನಾನಂತೂ ಹೇಳಲಾರೆ.

ಯಾಕಂದ್ರೆ 1836ರ 30ನೇ ಕಾಯ್ದೆ ನೋಡಿ. ಠಕ್ಕರ ತಂಡಕ್ಕೆ ಸೇರಿದ್ದ ಅಂತ ಸಾಬೀತಾದರೆ ಸಾಕು, ಜೀವಾವಧಿ ಕಠಿಣ ಶಿಕ್ಷೆ. ಯಾರನ್ನ ಕೊಂದ, ಎಲ್ಲಿ ಕೊಂದ, ಸತ್ತವನ ಹೆಸರೇನು ಅಂತ ಸರ್ಕಾರ ತೋರಿಸಬೇಕಾಗಿಯೇ ಇರಲಿಲ್ಲ.